ಹೋರಿ ಬಡಿಯುವ ಕಲ್ಲು

ಎಳ್ಳಮಾಸಿ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಎರೆಹೊಲದಲ್ಲಿ ಬಿಳಿಜೋಳ ತೆನೆ ಹಿರಿದು ನಿಂತಿತ್ತು. ಕಡಲೆ ಗಿಡದ ಹುಳಿ ನಡೆಯುವವರ ಕಾಲಿಗೆ ಹತ್ತಿ ಉರಿಯುತ್ತಿತ್ತು. ಊರ ಮುಂದಿನ ಬಯಲಲ್ಲಿ ಹೊತ್ತು ಮೂಡುವ ಮೊದಲೇ ಹೋರಿಗಳ ಬೀಜ ಬಡಿದು ಎತ್ತು ಮಾಡುವ ಕೆಲಸ ಶುರುವಾಗಿತ್ತು. ಎರಡು ಹೋರಿಗಳದ್ದು ಮುಗಿದಿತ್ತು. ಅವು ಹಿಂಗಾಲು ಅಗಲಿಸಿಕೊಂಡು, ತಲೆ ತಗ್ಗಿಸಿ, ಒಂದು ಬದಿಗೆ ನಿಂತಿದ್ದವು. ಮೂರನೆಯದನ್ನು ನಾಲ್ಕು ಮಂದಿ ತೊಗಲಿನ ಮಿಣಿಹಗ್ಗ ಹಾಕಿ ಕೆಡವಿದರು. ಅದು ಬಿದ್ದಾಗ ನೆಲ ದಿಮ್ಮೆಂದಿತು. ಒಬ್ಬ ಕೊಂಬು ಒತ್ತಿ ಹಿಡಿದ, ಒಬ್ಬ ಕಾಲಿಗೆ ಗಂಟು ಹಾಕಿದ. ಲಗಮಪ್ಪ ನನ್ನನ್ನು ತಣ್ಣೀರಲ್ಲಿ ಅದ್ದಿ ಧೋತರದ ಚುಂಗಿಗೆ ಒರೆಸಿದ. ಅವನ ಹೆಂಡತಿ ತಾಯವ್ವ ಬೇವಿನ ಹಲಗೆಯನ್ನು ಹೋರಿಯ ತೊಡೆಗಳ ನಡುವೆ ಹಿಡಿದಳು. ಲಗಮಪ್ಪ ಬೀಜದ ಮೇಲಿನ ನರವನ್ನು ಬೆರಳಿನಿಂದ ಹುಡುಕಿ, ಹಲಗೆಯ ಮೇಲೆ ಒರಗಿಸಿ, ನನ್ನಿಂದ ಬಡಿಯತೊಡಗಿದ.

ಜೋರಾಗಿ ಅಲ್ಲ. ಅಕ್ಕಸಾಲಿಗ ತಗಡು ತಟ್ಟಿದ ಹಾಗೆ, ಒಂದೇ ಅಳತೆಯಲ್ಲಿ, ನೂರಿಪ್ಪತ್ತು ಸಲ. ಮೊದಲ ಹತ್ತು ಏಟಿಗೆ ಹೋರಿ ಅರಚುತ್ತದೆ. ಆಮೇಲೆ ನಾಲಿಗೆ ಹೊರಗೆ ಹಾಕುತ್ತದೆ. ಕೊನೆಗೆ ಮಣ್ಣನ್ನು ನೋಡುತ್ತ ಸುಮ್ಮನಾಗುತ್ತದೆ. ಒಳಗೆ ನರ ಜಜ್ಜಿ ನಾರಾಗುತ್ತದೆ, ಮೇಲಿನ ಚರ್ಮಕ್ಕೆ ಗೀರು ಸಹ ಬೀಳುವುದಿಲ್ಲ. ಅದಕ್ಕೇ ಲಗಮಪ್ಪನಿಗೆ ಸುತ್ತಿನ ಹದಿನೆಂಟು ಹಳ್ಳಿಯಲ್ಲಿ ಹೆಸರು. ಬೇರೆಯವರು ಬಡಿದರೆ ಚರ್ಮ ಹರಿದು, ನೊಣ ಕೂತು, ಹುಳ ಬಿದ್ದು ಎಷ್ಟೋ ಹೋರಿ ಸಾಯುತ್ತಿದ್ದವು. ಅವನು ಬಡಿದದ್ದು ಮೂರನೆಯ ವಾರಕ್ಕೆ ನೊಗಕ್ಕೆ ಹೆಗಲು ಕೊಡುತ್ತಿತ್ತು. ಕೈಗುಣ ಅನ್ನುತ್ತಿದ್ದರು ಮಂದಿ. ಕೈಗುಣ ಇತ್ತು, ಸುಳ್ಳಲ್ಲ. ಆದರೆ ಅರ್ಧ ಗುಣ ನನ್ನದು.

ನಾನು ಒಂದು ಕಲ್ಲು. ಹುಣಸೆಬೀಜದ ಬಣ್ಣ, ಬಿಲ್ವದ ಪತ್ರಿಕಾಯಿಯ ಗಾತ್ರ. ಘಟಪ್ರಭೆಯ ದಂಡೆಯ ಸುಣ್ಣಗಲ್ಲಿನ ಹಾಸಿನೊಳಗೆ, ಮನುಷ್ಯರ ಲೆಕ್ಕಕ್ಕೆ ಸಿಗದಷ್ಟು ಹಿಂದೆ ಹುಟ್ಟಿದವನು. ಭೂಮಿಯ ಆಳದ ಬಿಸಿನೀರು ಒಂದು ಬಿರುಕಿಗೆ ನುಗ್ಗಿ, ಅಲ್ಲೇ ಗಂಜಿಯ ಹಾಗೆ ಹೆಪ್ಪುಗಟ್ಟಿ ನಾನಾದೆ. ಉಪ್ಪಿನಲ್ಲಿ ಹರಳು ಕಾಣುತ್ತವೆ, ಕಲ್ಲುಸಕ್ಕರೆಯಲ್ಲಿ ಕಾಣುತ್ತವೆ. ಗುಡಿಯ ಕಂಬದ ಕಲ್ಲಿನಲ್ಲೂ ಕರಿದು, ಬಿಳಿದು ಎಂದು ಎಣಿಸಬಹುದು. ನನ್ನಲ್ಲೂ ಹರಳುಗಳಿವೆ. ಆದರೆ ಅವಕ್ಕೆ ಬೆಳೆಯಲು ಜಾಗ ಸಿಗಲಿಲ್ಲ. ಕೋಟಿ ಕೋಟಿ ಹರಳು ಒಂದರ ಮೈಗೊಂದು ಒತ್ತಿಕೊಂಡು, ಒಂದನ್ನೊಂದು ಬೆಳೆಯಗೊಡದೆ, ಹಿಟ್ಟಿಗಿಂತ ನುಣ್ಣಗೆ ಉಳಿದುಬಿಟ್ಟವು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುವುದಿಲ್ಲ.

ಆಮೇಲೆ ಹೊಳೆ ಬಂತು. ಸುಣ್ಣಗಲ್ಲನ್ನು ಕಡಿದು ನನ್ನನ್ನು ಹೊರಗೆಳೆಯಿತು. ಪ್ರತಿ ಮಳೆಗಾಲ ಕೆಂಪು ನೀರಿನಲ್ಲಿ ಕಲ್ಲುಗಳು ಒಂದಕ್ಕೊಂದು ಗುದ್ದಾಡುತ್ತ ಉರುಳುತ್ತಿದ್ದವು. ಮೆದುವಾದವು ಮರಳಾಗಿ ಹೋದವು. ನಾನು ಗುದ್ದಿದವರನ್ನು ಒಡೆದು, ಗುದ್ದಿಸಿಕೊಂಡು ಗುಂಡಗಾದೆ. ಹೀಗೆ ನನ್ನ ನುಣುಪೆಲ್ಲ ಏಟು ತಿಂದು ಬಂದದ್ದು.

ಲಗಮಪ್ಪನ ಅಜ್ಜ ಗ್ಯಾನಪ್ಪ ಒಂದು ಬೇಸಿಗೆಯಲ್ಲಿ ನೀರು ಕುಡಿಯಲು ಹೊಳೆಗೆ ಇಳಿದವನು ನನ್ನನ್ನು ಕಂಡು ರುಮಾಲಿನಲ್ಲಿ ಕಟ್ಟಿಕೊಂಡು ಹೋದ. ಅವನಿಂದ ಅವನ ಮಗನಿಗೆ, ಮಗನಿಂದ ಲಗಮಪ್ಪನಿಗೆ ಬಂದೆ. ನನ್ನ ಜೊತೆ ಒಂದು ಪದ್ಧತಿಯೂ ಬಂತು. ಹೋರಿಯ ಒಡೆಯ ತಾನೇ ಬಂದು ಹಗ್ಗವನ್ನು ಕೈಗೆ ಕೊಡಬೇಕು. ಬಡಿಯುವವನು ಕೇಳಬೇಕು, "ಹೋರಿ ಯಾರದು?" ಒಡೆಯ "ನಂದು" ಅನ್ನಬೇಕು. "ಪಾಪ ಯಾರದು?" ಅದಕ್ಕೂ "ನಂದು" ಅನ್ನಬೇಕು. ಅಷ್ಟಾಗದೆ ಲಗಮಪ್ಪ ನನ್ನನ್ನು ಗಂಟಿನಿಂದ ತೆಗೆಯುತ್ತಿರಲಿಲ್ಲ. ಅಷ್ಟಾದ ಮೇಲೆ ಬೇರೆ ಯಾವ ಮಾತನ್ನೂ ಕೇಳುತ್ತಿರಲಿಲ್ಲ.

ಅವನ ತಪ್ಪು ಆಗಿದ್ದೂ ಅಲ್ಲಿಯೇ.

ಆ ಮಾಗಿಯಲ್ಲೇ ನಾವು ತೆಗ್ಗಿನಹಾಳಕ್ಕೆ ಹೋದೆವು. ಅಲ್ಲಿ ಅಡಿವೆಪ್ಪ, ಚಂದ್ರಾಮ ಎಂದು ಅಣ್ಣತಮ್ಮಂದಿರಿದ್ದರು. ಮನೆ ಪಾಲಾಗಿತ್ತು, ಹೊಲ ಪಾಲಾಗಿತ್ತು. ದನ ಪಾಲಾಗುವಾಗ ಒಂದು ಬಿಳಿಯ ಕಿಲಾರಿ ಹೋರಿ ಅಣ್ಣನ ಪಾಲಿಗೆ ಹೋಗಿತ್ತು. ಅದು ಬೀಜಕ್ಕೆ ಬಿಟ್ಟ ಹೋರಿ. ಸುತ್ತಿನವರು ಆಕಳು ಹೊಡೆದುಕೊಂಡು ಅದರ ಬಾಗಿಲಿಗೆ ಬರುತ್ತಿದ್ದರು. ತಮ್ಮನ ಹೊಟ್ಟೆಯಲ್ಲಿ ಅಂದಿನಿಂದ ಬೆಂಕಿ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಅವತ್ತು ನಮಗೆ ತಿಳಿದದ್ದು ಇಷ್ಟೇ: ಒಬ್ಬ ಸಾವಕಾರ ಹಿತ್ತಲಿಗೆ ಕರೆದ. ಹೋರಿ ಹಿಡಿದು ತಂದ. ಅವನು ಚಂದ್ರಾಮ.

ಹೋರಿಯನ್ನು ನೋಡಿ ತಾಯವ್ವ ಹಲಗೆ ಕೆಳಗಿಟ್ಟಳು.

"ಇದು ಬೀಜಕ್ಕ ಬಿಡೂವಂಥಾ ಹೋರಿ. ಇದನ್ನ ಯಾಕ ಬಡಸ್ತೀರಿ ಯಪ್ಪಾ?"

"ನಿನ್ನ ಹಲಗಿ ಹಿಡಿಯಾಕ ಕರದೀನೋ, ಪಂಚಾಯ್ತಿ ಮಾಡಾಕ ಕರದೀನೋ?" ಅಂದ ಚಂದ್ರಾಮ.

ಲಗಮಪ್ಪ ಪದ್ಧತಿಯಂತೆ ಕೇಳಿದ. ಚಂದ್ರಾಮ ಎರಡಕ್ಕೂ ನಂದು ಅಂದ. ಎರಡನೆಯ ಸಲ ಸ್ವಲ್ಪ ನಕ್ಕ. ತಾಯವ್ವ ಗಂಡನ ಅಂಗಿ ಜಗ್ಗಿದಳು. ಲಗಮಪ್ಪ ಅವಳ ಕೈ ಕೊಡವಿದ.

"ಸುಮ್ಕಿರು. ಹೊನ್ನು ಕದಿಯೂ ಮಂದಿ ಅದಾರ, ಹೆಣ್ಣು ಕದಿಯೂ ಮಂದಿ ಅದಾರ. ಪಾಪ ಯಾರರೆ ಕದ್ದು ತಗೋತಾರೇನ?"

ನೂರಿಪ್ಪತ್ತು ಏಟು. ಆ ಹೋರಿ ಒಮ್ಮೆಯೂ ಅರಚಲಿಲ್ಲ.

ಮಧ್ಯಾಹ್ನ ಗಂಡಹೆಂಡತಿ ಇನ್ನೂ ಹಿತ್ತಲಲ್ಲೇ ರೊಟ್ಟಿ ತಿನ್ನುತ್ತಿದ್ದಾಗ ಅಡಿವೆಪ್ಪ ಬಂದ. ಮಗನಿಗೆ ಹೆಣ್ಣು ನೋಡಲು ಹೋಗಿದ್ದನಂತೆ, ಹೊಸ ರುಮಾಲು ಸುತ್ತಿದ್ದ. ಎರಡಾಳೆತ್ತರದವನು. ಹೋರಿಯ ಹತ್ತಿರ ಹೋಗಿ ಹಿಂಗಾಲಿನ ನಡುವೆ ಕೈಯಾಡಿಸಿದ. ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ಎದ್ದು ಬಂದು ಲಗಮಪ್ಪನ ಮುಂದೆ ನಿಂತ. ಬೈಯಲಿಲ್ಲ.

"ಯಾವ ಕೈ?" ಅಂದ.

"ಧಣಿ, ನಿಮ್ಮ ತಮ್ಮಾರು ಹಗ್ಗ ಕೊಟ್ರು. ನಂದು ಅಂದ್ರು..."

"ನಾ ಕೇಳಿದ್ದು ಯಾವ ಕೈ ಅಂತ."

ಲಗಮಪ್ಪ ತಿಳಿಯದೆ ತನ್ನ ಬಲಗೈ ನೋಡಿಕೊಂಡ. ಅಷ್ಟು ಸಾಕಾಯಿತು. ಅಡಿವೆಪ್ಪನ ಇಬ್ಬರು ಆಳುಗಳು ಅವನನ್ನು ಹೋರಿ ಕೆಡವಿದ ಹಾಗೆಯೇ ಕೆಡವಿದರು. ಒಬ್ಬ ಎದೆಯ ಮೇಲೆ ಕೂತ, ಒಬ್ಬ ಮೊಣಕೈ ಹಿಡಿದ. ಓಡಿ ಬಂದ ತಾಯವ್ವನನ್ನು ಅಡಿವೆಪ್ಪ ಹಿಂಗೈಯಿಂದ ಹೊಡೆದ. ಅವಳು ದನ ಮೇಯುವ ಗೋದಲಿಗೆ ಬಿದ್ದಳು. ಆಮೇಲೆ ಅವನು ಬೇವಿನ ಹಲಗೆಯ ಮೇಲೆ ಆ ಕೈಯನ್ನು ಇಟ್ಟು, ನನ್ನನ್ನು ಎತ್ತಿಕೊಂಡ.

ಇಪ್ಪತ್ತು ವರ್ಷ ಆ ಬೆರಳುಗಳು ನನ್ನನ್ನು ಹಿಡಿದಿದ್ದವು. ಅವುಗಳ ಬಿಸಿ, ಅವುಗಳ ಬೆವರು ನನಗೆ ಗೊತ್ತಿತ್ತು. ಈಗ ಅವುಗಳ ಎಲುಬೂ ಗೊತ್ತಾಯಿತು. ಕೈಯೊಳಗೆ ಎಷ್ಟೊಂದು ಸಣ್ಣ ಎಲುಬುಗಳಿವೆ! ಒಂದೊಂದೂ ಒಂದೊಂದು ದನಿಯಲ್ಲಿ ಮುರಿಯುತ್ತದೆ. ಅಡಿವೆಪ್ಪ ಎಣಿಸಲಿಲ್ಲ. ತೋಳು ಸೋಲುವವರೆಗೆ ಬಡಿದ. ಲಗಮಪ್ಪ ಮೊದಲು ಅರಚಿದ, ಆಮೇಲೆ ನಾಲಿಗೆ ಹೊರಗೆ ಹಾಕಿದ, ಕೊನೆಗೆ ಮಣ್ಣನ್ನು ನೋಡುತ್ತ ಸುಮ್ಮನಾದ.

ಚರ್ಮ ಹರಿಯಲಿಲ್ಲ. ಒಂದು ಹನಿ ರಕ್ತ ಬೀಳಲಿಲ್ಲ. ನನ್ನ ಗುಣ ಅದು.

ಅಡಿವೆಪ್ಪ ನನ್ನನ್ನು ತಿಪ್ಪೆಗೆ ಎಸೆದು ಹೋದ. ಹಿತ್ತಲಿನ ಆಚೆ ಅವನ ಹೆಂಡತಿ, ಹೋರಿ ಬಿಚ್ಚಿಕೊಂಡು ಹೋದವನು ಚಂದ್ರಾಮನೇ ಎಂದು ಅವನಿಗೆ ಹೇಳಿದಳು. ಸಂಜೆಯೊಳಗೆ ಅಣ್ಣತಮ್ಮಂದಿರು ಕೊಡಲಿ ಹಿಡಿದರು. ಚಂದ್ರಾಮ ಕಡಿದುಬಿದ್ದ ಒಂದು ಕಿವಿ ಅಲ್ಲೇ ಬಿಟ್ಟು, ಹೆಂಡಿರು ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಆದರೆ ಲಗಮಪ್ಪನ ಹತ್ತಿರ ಯಾರೂ ಬರಲಿಲ್ಲ. ತಾಯವ್ವ ಒಬ್ಬಳೇ ಅವನನ್ನು ಎಬ್ಬಿಸಿ ಕೂರಿಸಿದಳು. ಆಮೇಲೆ ತಿಪ್ಪೆಗೆ ಬಂದು ಸಗಣಿಯಲ್ಲಿ ಕೈಯಾಡಿಸಿ ನನ್ನನ್ನು ಹುಡುಕಿದಳು. ಬಾವಿಗೆ ಎಸೆಯುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ತೊಳೆದು ಸೆರಗಿನಲ್ಲಿ ಕಟ್ಟಿಕೊಂಡಳು.

ಆ ಕೈ ಮತ್ತೆ ಕೈಯಾಗಲಿಲ್ಲ. ಹಸಿಶುಂಠಿಯ ಹಾಗೆ ಗಂಟುಗಂಟಾಗಿ ಎದೆಯ ಹತ್ತಿರ ಮಡಚಿಕೊಂಡು ಉಳಿಯಿತು. ಫೌಜದಾರನ ಕಡೆ ಹೋಗು ಅಂದರು ಕೆಲವರು. ಲಗಮಪ್ಪ ಹೋಗಲಿಲ್ಲ. "ನಾ ಕೇಳೂದಿತ್ತು, ಇಕಿ ಮಾತು ಕೇಳೂದಿತ್ತು" ಅಂತ ಮಾತ್ರ ಅನ್ನುತ್ತಿದ್ದ. ಮನೆಯಲ್ಲಿ ಹೊಲವಿಲ್ಲ, ಮಕ್ಕಳಿಲ್ಲ. ಇದ್ದದ್ದು ನಾನೊಬ್ಬ, ನನ್ನನ್ನು ಹಿಡಿಯುವ ಕೈ ಇಲ್ಲ. ಮುಂದಿನ ಮಾಗಿ ಬರುವ ಹೊತ್ತಿಗೆ ತಾಯವ್ವ ಒಂದು ದಿನ ನನ್ನನ್ನು ಗಂಡನ ಮುಂದೆ ಇಟ್ಟು, "ನನಗ ಕಲಿಸ್ರಿ" ಅಂದಳು.

ಅವನು ತನ್ನ ಎಡಗೈಯನ್ನು ಅವಳ ಕೈಯ ಮೇಲಿಟ್ಟು ಬಾಳೆದಿಂಡಿನ ಮೇಲೆ ಕಲಿಸಿದ. ಮೇಲಿನ ಸಿಪ್ಪೆ ಒಡೆಯದೆ ಒಳಗಿನ ನಾರು ಜಜ್ಜಬೇಕು. ಒಂದು ತಿಂಗಳಲ್ಲಿ ಕಲಿತಳು.

ಮೊದಲ ಹೋರಿಗೆ ಊರ ಕಟ್ಟೆಯ ತುಂಬ ಮಂದಿ ನೆರೆದರು. ಹೆಂಗಸು ಹೋರಿ ಬಡಿಯುವುದನ್ನು ಯಾರು ಕಂಡಿದ್ದರು?

"ಏ ಲಗಮಾ," ಅಂದ ದ್ಯಾವಪ್ಪ ಮುದುಕ, "ಹೇಣತಿ ಕೈಯಾಗ ಆ ಕಲ್ಲು ಕೊಟ್ಟೀಯಲ್ಲೋ, ನೀ ಹೆಂಗ ನಿದ್ದಿ ಮಾಡ್ತಿ?"

"ಕಣ್ಣು ತಗದ ಮಲಗತೀನಿ ಮಾವಾ."

"ನಾವೂ ಧೋತರ ಬಿಗೀ ಮಾಡ್ಕೊಂಡ ಕುಂದ್ರೂದು ಚಲೋ ಬಿಡು."

"ನಿನಗ್ಯಾಕ ಹೆದರಿಕಿ ಕಾಕಾ," ಅಂದಳು ತಾಯವ್ವ, ನನ್ನನ್ನು ನೀರಲ್ಲಿ ಅದ್ದುತ್ತ. "ಬಡಿಯೂದು ಹೋರಿಗಳನ್ನ ಅಷ್ಟ. ಮುದಿ ಎತ್ತಿಗಲ್ಲ."

ಕಟ್ಟೆ ನಕ್ಕಿತು. ಆ ಹೋರಿ ಹದಿನೆಂಟು ದಿನಕ್ಕೆ ನೊಗ ಹೊತ್ತಿತು. ಆಮೇಲೆ ಯಾರೂ ನಗಲಿಲ್ಲ, ಹಗ್ಗ ಹಿಡಿದುಕೊಂಡು ಬಂದರು. ತಾಯವ್ವ ಊರೂರು ತಿರುಗಲಿಲ್ಲ. ಬೇಕಾದವರು ತಮ್ಮ ಹೋರಿಯನ್ನು ಅವಳ ಊರಿನ ಬೇವಿನ ಮರದ ಕೆಳಗೇ ತರಬೇಕು.

ಏಳನೆಯ ಮಾಗಿಯಲ್ಲಿ ಅಡಿವೆಪ್ಪ ಬಂದ.

ಅವನ ಮನೆಯಲ್ಲಿ ಒಂದು ಕರಿಯ ಹೋರಿ ಹಾಯತೊಡಗಿತ್ತು. ಆಳುಮಗನ ಹೊಟ್ಟೆ ಸೀಳಿತ್ತು, ಅವನು ಎಂಟು ದಿನ ನರಳಿ ಸತ್ತಿದ್ದ. ಅದರ ಹತ್ತಿರ ಹೋಗಲು ಯಾವ ಬಡಿಯುವವನೂ ಒಪ್ಪಲಿಲ್ಲ. ಕಸಾಯಿಗೆ ಕೊಡಲು ಅಡಿವೆಪ್ಪನಿಗೆ ಮನಸ್ಸಿಲ್ಲ. ಸಾಲಿನ ಕೊನೆಯಲ್ಲಿ, ಉಳಿದವರ ಹಿಂದೆ, ಹಗ್ಗ ಹಿಡಿದು ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಕೂತ ಲಗಮಪ್ಪನ ಕಡೆ ಅವನು ನೋಡಲಿಲ್ಲ. ಲಗಮಪ್ಪ ಅವನನ್ನೇ ನೋಡುತ್ತಿದ್ದ.

ಸರದಿ ಬಂದಾಗ ತಾಯವ್ವ ಎಲ್ಲರಿಗೆ ಕೇಳಿದ ಹಾಗೆ ಕೇಳಿದಳು. ಅವನು ಎಲ್ಲರ ಹಾಗೆ ಹೇಳಿದ. ಹೋರಿಯ ಕೊರಳಿನ ಮಿಣಿಯನ್ನು ಬೇವಿನ ಬೊಡ್ಡೆಗೆ ಒಂದು ಸುತ್ತು ಹಾಕಿ, ತುದಿಯನ್ನು ಅಡಿವೆಪ್ಪನೇ ಹಿಡಿದ. ಕಾಲಿಗೆ ಹಗ್ಗ ತಾಗಿದ್ದೇ ತಡ, ಹೋರಿ ಚಿಮ್ಮಿತು. ಹಿಡಿದವರು ಚೆಲ್ಲಾಪಿಲ್ಲಿಯಾದರು. ಅದು ಮರವನ್ನು ಒಂದು ಸುತ್ತು ಸುತ್ತಿ, ತಲೆ ತಗ್ಗಿಸಿ, ಆಚೆಗೆ ಜಗ್ಗತೊಡಗಿತು. ಮಿಣಿಯ ನಡುವೆ ಅಡಿವೆಪ್ಪ ಸಿಕ್ಕಿಬಿದ್ದಿದ್ದ. ಬೆನ್ನು ಬೊಡ್ಡೆಗೆ ಹತ್ತಿತ್ತು, ಹೆಬ್ಬೆರಳು ದಪ್ಪದ ತೊಗಲಿನ ಮಿಣಿ ಗಂಟಲಿಗೆ ಕೂತಿತ್ತು. ಹೋರಿ ಒಂದೊಂದು ಹೆಜ್ಜೆ ಜಗ್ಗಿದಾಗಲೂ ಅವನ ಕಣ್ಣು ಒಂದಿಷ್ಟು ಹೊರಗೆ ಬರುತ್ತಿತ್ತು.

"ಕುಡಗೋಲ! ಕುಡಗೋಲ ತರ್ರಿ!"

ಸುಗ್ಗಿಯ ದಿನ, ಊರಿನ ಕುಡಗೋಲೆಲ್ಲ ಹೊಲದಲ್ಲಿ. ಒಬ್ಬ ಊರ ಕಡೆ ಓಡಿದ. ಅವನು ಬರುವವರೆಗೆ ಈ ಜೀವ ಇರುವುದಿಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು. ನಾಲ್ವರು ಮಿಣಿ ಹಿಡಿದು ಜಗ್ಗಿದರು, ಹೋರಿಯ ಬಲದ ಮುಂದೆ ಅದು ಎಲ್ಲಿ ಸಡಿಲುತ್ತದೆ?

ತಾಯವ್ವ ನನ್ನನ್ನು ಹಿಡಿದು ನಿಂತಿದ್ದಳು. ಹೊಳೆದಂಡೆಯ ಮಂದಿಗೆ ಒಂದು ಗೊತ್ತು. ನನ್ನ ಜಾತಿಯ ಕಲ್ಲು ಒಡೆದರೆ ಅದರ ಅಂಚು ಕ್ಷೌರದ ಕತ್ತಿಗಿಂತ ಹರಿತ. ಕುರುಬರು ಕುರಿಯ ಕಿವಿ ಸೀಳುವುದು ಅಂಥ ಚಕ್ಕೆಯಿಂದಲೇ. ಅವಳಿಗೂ ಗೊತ್ತಿತ್ತು. ನನ್ನನ್ನು ಒಡೆದರೆ ನಾಳೆಯಿಂದ ರೊಟ್ಟಿಯಿಲ್ಲ ಎಂಬುದೂ ಗೊತ್ತಿತ್ತು. ಅವಳು ಅಡಿವೆಪ್ಪನ ಕಪ್ಪಾಗುತ್ತಿದ್ದ ಮುಖ ನೋಡುತ್ತ ನಿಂತಳು. ನನ್ನ ಸುತ್ತ ಅವಳ ಬೆರಳು ಬಿಗಿದವು. ಅವಳ ಪಾದ ಮಾತ್ರ ಅಲುಗಲಿಲ್ಲ.

"ಏ! ಕಲ್ಲು ಒಡಿ!" ಕಟ್ಟೆಯ ಮೇಲಿಂದ ಲಗಮಪ್ಪ ಕೂಗಿದ. ಗಂಟುಗಟ್ಟಿದ ಕೈಯನ್ನೇ ಮುಂದೆ ಚಾಚಿದ್ದ. "ಸಾಯ್ತಾನ, ಒಡಿ!"

ಅವಳು ತಿರುಗಿ ಕಟ್ಟೆಯ ಚಪ್ಪಡಿಗೆ ನನ್ನನ್ನು ಅಪ್ಪಳಿಸಿದಳು. ಒಂದು. ಎರಡು. ಮೂರನೆಯದಕ್ಕೆ ನಾನು ಒಡೆದೆ.

ಹೊಳೆಯ ಸಾವಿರ ಪ್ರವಾಹ ಮಾಡದ್ದನ್ನು ಒಬ್ಬ ಹೆಂಗಸಿನ ತೋಳು ಮಾಡಿತು. ಎಂದೂ ಬೆಳಕು ಕಾಣದ ನನ್ನ ಒಳಗಿಗೆ ಬಿಸಿಲು ಬಿತ್ತು. ಅದು ಕೆನೆಯ ಹಾಗೆ ನುಣ್ಣಗಿತ್ತು, ಅಂಚು ತೆಳ್ಳಗೆ, ಬೆಳಕು ಹಾಯುವಷ್ಟು ತೆಳ್ಳಗೆ. ಅವಳು ಒಂದು ಹೋಳನ್ನು ಹಿಡಿದು ಮಿಣಿಯ ಮೇಲೆ ನಾಲ್ಕು ಸಲ ಎಳೆದಳು. ಅವಳ ಅಂಗೈಯೂ ಸೀಳಿತು. ಐದನೆಯದಕ್ಕೆ ಮಿಣಿ ಫಟ್ಟೆಂದು ಹರಿದು ಹೋರಿ ಬಯಲಿನ ಕಡೆ ಓಡಿತು. ಅಡಿವೆಪ್ಪ ಬೊಡ್ಡೆಗೆ ಒರಗಿದ ಹಾಗೆಯೇ ಕೆಳಗೆ ಜಾರಿದ.

ಜೀವ ಉಳಿಯಿತು. ದನಿ ಹೋಯಿತು. ಆಮೇಲೆ ಅವನು ಮಾತಾಡಿದರೆ ಕಮ್ಮಾರನ ತೂತು ಬಿದ್ದ ತಿದಿಯಿಂದ ಗಾಳಿ ಬಂದ ಹಾಗೆ.

ಹದಿನೈದು ದಿನಕ್ಕೆ ಒಂದು ಹಾಲು ಕರೆಯುವ ಆಕಳು, ಕರು ಹೊಡೆದುಕೊಂಡು ಅವರ ಬಾಗಿಲಿಗೆ ಬಂದ. ಲಗಮಪ್ಪನ ಮುಂದೆ ನಿಂತು ಬಾಯಿ ತೆರೆದ. ಏನು ಹೇಳಿದನೋ, ಗಾಳಿ ಮಾತ್ರ ಬಂತು. ತಾಯವ್ವ ಕೈಗೆ ಕಟ್ಟಿದ ಅರಿವೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

"ಆಕಳು ಹೊಡ್ಕೊಂಡು ಹೋಗ್ರಿ. ಇವರು ಒಡಿ ಅಂದ್ರು, ಒಡದೆ. ನನ್ನ ಕಲ್ಲು ಹೋತು. ಕಲ್ಲು ಕೊಡ್ರಿ, ಅದರಂಥಾದ್ದು."

"ಹೊಳಿ ತುಂಬ ಕಲ್ಲ ಅದಾವಲ್ಲವಾ," ಅಂದ ಅವನು, ಉಸಿರಲ್ಲಿ.

"ಅದಾವಲ್ಲ. ತರ್ರಿ."

ಅಂದು ಶುರುವಾಯಿತು. ಬೇಸಿಗೆಯಲ್ಲಿ ಹೊಳೆ ಇಳಿದು ಕಲ್ಲು ಕಾಣತೊಡಗಿದರೆ ಅಡಿವೆಪ್ಪ ದಂಡೆ ಹಿಡಿದು ನಡೆಯುತ್ತಿದ್ದ. ಹುಣಸೆಬೀಜದ ಬಣ್ಣದ್ದು, ಪತ್ರಿಕಾಯಿ ಗಾತ್ರದ್ದು ಆರಿಸಿ, ಹೆಗಲ ಚೀಲದಲ್ಲಿ ತರುತ್ತಿದ್ದ. ಲಗಮಪ್ಪ ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಎಡಗೈಯ ಹೆಬ್ಬೆರಳಿನಿಂದ ಸವರುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. "ಹರೀತದ" ಅನ್ನುತ್ತಿದ್ದ, ಅಂದರೆ ಚರ್ಮ ಹರಿಯುತ್ತದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಎರಡು ಹೋಳಾಗಿ ಕೂತ ನನಗೂ ಕಾಣುತ್ತಿತ್ತು. ಒಂದರಲ್ಲಿ ಮರಳಿನ ಕಣ, ಒಂದರಲ್ಲಿ ಸುಣ್ಣದ ಎಳೆ, ಒಂದರೊಳಗೆ ಕಾಣದ ಬಿರುಕು. ಬೇಡವಾದ ಕಲ್ಲುಗಳು ಬಾಗಿಲ ಬದಿಗೆ ರಾಶಿಯಾದವು. ತಾಯವ್ವ ಒಮ್ಮೆ ಅದರಲ್ಲೊಂದನ್ನು ಹಿಡಿದು ಬಡಿದು ನೋಡಿದಳು. ಚರ್ಮ ಹರಿಯಿತು, ಹೋರಿ ಹುಳ ಬಿದ್ದು ಸತ್ತಿತು. ಆಮೇಲೆ ಅವಳು ಕೂಲಿಗೆ ಹೋದಳು, ಕಳೆ ತೆಗೆದಳು, ಇಟ್ಟಂಗಿ ಹೊತ್ತಳು.

ಕೆಲ ವರ್ಷಕ್ಕೆ ಸರಕಾರದ ದನದ ಡಾಕ್ಟರು ಕಬ್ಬಿಣದ ಉದ್ದ ಇಕ್ಕಳ ಹಿಡಿದು ಬಂದರು. ಒಮ್ಮೆ ಒತ್ತಿದರೆ ಮುಗಿಯಿತು. ಹೋರಿ ನಿಂತಲ್ಲೇ ನಿಂತಿರುತ್ತದೆ, ಒಂದು ಸಲ ಅರಚುತ್ತದೆ ಅಷ್ಟೆ. ಕಲ್ಲಿನ ಕೆಲಸವೇ ಹೋಯಿತು. ಅಡಿವೆಪ್ಪ ಕಲ್ಲು ತರುವುದನ್ನು ಬಿಡಲಿಲ್ಲ. ತರಬೇಡಿರೆಂದು ತಾಯವ್ವ ಅನ್ನಲಿಲ್ಲ.

ಲಗಮಪ್ಪ ಒಂದು ಆಷಾಢದಲ್ಲಿ ಕಾಮಾಲೆಯಾಗಿ ತೀರಿಕೊಂಡ. ಮುಂದಿನ ಬೇಸಿಗೆಗೆ ಅಡಿವೆಪ್ಪ ಬಂದಾಗ ತಾಯವ್ವ ತಾನೇ ಕಲ್ಲು ಸವರಲು ಕೂತಳು.

ಹೋದ ಬೇಸಿಗೆಯ ಮಾತು. ಅವನು ಕೋಲೂರಿಕೊಂಡು ಬಂದ. ಚೀಲದಲ್ಲಿ ಈ ಸಲ ಒಂದೇ ಕಲ್ಲು. ಅವನು ಅದನ್ನು ಹೊರಗೆ ತೆಗೆದ ಕೂಡಲೇ ನನ್ನ ಎರಡೂ ಹೋಳು ಗುರುತು ಹಿಡಿದವು. ಅದು ನನ್ನದೇ ಬಿರುಕಿನಲ್ಲಿ, ನನ್ನದೇ ಬಿಸಿನೀರಿನಲ್ಲಿ ಹೆಪ್ಪುಗಟ್ಟಿದ್ದು. ಒಂದು ಕಣ ಮರಳಿಲ್ಲ, ಒಂದು ಎಳೆ ಸುಣ್ಣವಿಲ್ಲ.

ತಾಯವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದಳು. ಬೆರಳು ನಿಂತಿತು. ಇನ್ನೊಮ್ಮೆ ಸವರಿದಳು. ತಲೆಯೆತ್ತಿ ಗೂಡಿನ ಕಡೆ, ನನ್ನ ಕಡೆ ನೋಡಿದಳು. ಆಮೇಲೆ ಗೋಡೆಯ ಕಡೆ ನೋಡಿದಳು, ಲಗಮಪ್ಪ ಕೈ ಮಡಚಿಕೊಂಡು ಒರಗುತ್ತಿದ್ದ ಜಾಗ. ಅವನ ಬೆನ್ನಿನ ಎಣ್ಣೆಯ ಕಲೆ ಅಲ್ಲಿ ಇನ್ನೂ ಇದೆ.

"ಹರೀತದ," ಅಂದಳು.

ಅಡಿವೆಪ್ಪ ಅವಳ ಮುಖ ನೋಡಿದ. ಹದಿನಾರು ಬೇಸಿಗೆ ಹೊಳೆಯ ಕಲ್ಲು ಸವರಿದ ಬೆರಳು ಅವನದು. ಇದೇ ಸರಿಯಾದದ್ದೆಂದು ಗೊತ್ತಿದ್ದೇ ಅದೊಂದನ್ನೇ ತಂದಿದ್ದ. ಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು, ರಾಶಿಯ ಮೇಲೆ, ಉರುಳದ ಹಾಗೆ ನೋಡಿ ಇಟ್ಟ. ಕುಡಿಯಲು ನೀರು ಕೇಳಿದ. ಅವಳು ತಂಬಿಗೆ ತುಂಬಿ ಕೊಟ್ಟಳು.

"ಬರೂ ಬ್ಯಾಸಗಿಗೆ ಮತ್ತ ನೋಡ್ತೀನವಾ," ಅಂದ, ಬಾಯಿ ಒರೆಸಿಕೊಳ್ಳುತ್ತ.

"ನೋಡ್ರಿ," ಅಂದಳು ತಾಯವ್ವ.